ಪಟ್ಟಿಯಿಂದ ಹೆಸರು ಅಳಿಯುವ ಮುನ್ನ: ಮೊಬೈಲ್ ಆ್ಯಪ್‌ಗಳಲ್ಲಿ ಸ್ವೈಪ್ ಮತ್ತು ಎಡಿಟ್ ಮೋಡ್

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಮ್ಮೆ ಬರೆದ ಹೆಸರನ್ನು ಯಾರೂ ಉಜ್ಜಿ ಅಳಿಸುವುದಿಲ್ಲ. ಮಗು ಬೇರೆ ಶಾಲೆಗೆ ಹೋದರೆ ಆ ಸಾಲಿನ ಕೊನೆಗೆ ವರ್ಗಾವಣೆ ಪತ್ರದ ಸಂಖ್ಯೆಯೂ ದಿನಾಂಕವೂ ಸೇರುತ್ತವೆ. ಹೆಸರು ಮಾತ್ರ ಇದ್ದಲ್ಲೇ ಉಳಿಯುತ್ತದೆ. ಹತ್ತಾರು ವರ್ಷಗಳ ಬಳಿಕ ಜನ್ಮದಿನಾಂಕದ ದೃಢೀಕರಣಕ್ಕೋ, ತಾನು ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆಂದು ತೋರಿಸಲಿಕ್ಕೋ ಬಂದವರಿಗೆ ಆ ಸಾಲೇ ಆಧಾರ. ಗಡಿನಾಡಿನ ಕನ್ನಡ ಶಾಲೆಗಳಿಗಂತೂ ಪಟ್ಟಿಯಲ್ಲಿರುವ ಒಂದೊಂದು ಹೆಸರೂ ಬೆಲೆಯುಳ್ಳದ್ದು. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ತೆಗೆಯುವ ಮಕ್ಕಳ ಲೆಕ್ಕವೇ ಆ ವರ್ಷದ ಅಧ್ಯಾಪಕ ಹುದ್ದೆಗಳ ನಿರ್ಣಯಕ್ಕೆ ಆಧಾರವೆಂಬುದನ್ನು ಬಲ್ಲ ಹೆತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂದು ಇಂತಹ ಪಟ್ಟಿಗಳಲ್ಲಿ ಹಲವು ಮೊಬೈಲಿಗೆ ಬಂದಿವೆ. ತರಗತಿಯ ಗ್ರಂಥಾಲಯದ ಪುಸ್ತಕಗಳು, ರಕ್ಷಕ ಶಿಕ್ಷಕ ಸಂಘದ ಸದಸ್ಯರ ದೂರವಾಣಿ ಸಂಖ್ಯೆಗಳು, ವಾಹನದಲ್ಲಿ ಬರುವ ಮಕ್ಕಳ ಹೆಸರುಗಳು, ಮನೆಗೆಲಸದ ಪಾಠಗಳು, ಎಲ್ಲವೂ ಪರದೆಯ ಮೇಲೆ ಒಂದರ ಕೆಳಗೊಂದು ಸಾಲಾಗಿ ನಿಂತಿವೆ. ಅಲ್ಲಿ ಬೆರಳನ್ನು ಎಡಕ್ಕೆ ಸರಿಸಿದರೆ ಸಾಲೊಂದು ಮಾಯವಾಗಬಲ್ಲದು. ಕಾಗದದ ಮೇಲಿನ ಕೆಂಪು ಗೀಟಿನ ಅಡಿಯಲ್ಲಿ ಹೆಸರನ್ನು ಓದಬಹುದು. ಪರದೆಯಿಂದ ಹೋದದ್ದರ ಗುರುತೂ ಉಳಿಯುವುದಿಲ್ಲ. ಹೀಗಾಗಿ ಸಾಲನ್ನು ಅಳಿಸುವ, ತಿದ್ದುವ, ಸ್ಥಾನ ಬದಲಿಸುವ ಕ್ರಮಗಳನ್ನು ಆ್ಯಪ್ ರಚಿಸುವವರು ಹೇಗೆ ನಿರ್ವಹಿಸಬೇಕೆಂಬುದು ಬಳಸುವವರಿಗೂ ತಿಳಿದಿರಬೇಕಾದ ವಿಷಯ.

ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ ನಡೆಯುತ್ತಿರುವ ಲಿಟಲ್ ಕೈಟ್ಸ್ ಕೂಟಗಳಲ್ಲಿ ಮಕ್ಕಳು ಮೊಬೈಲ್ ಆ್ಯಪ್ ರಚನೆಯ ಮೊದಲ ಪಾಠಗಳನ್ನು ಕಲಿಯುತ್ತಿದ್ದಾರೆ. ಗಡಿಯ ಇತರ ಕಡೆಗಳಲ್ಲೂ ಸ್ವಂತ ಆಸಕ್ತಿಯಿಂದ ಈ ದಾರಿ ಹಿಡಿದ ಮಕ್ಕಳಿದ್ದಾರೆ. ಅವರನ್ನೂ ಅವರ ಪಕ್ಕದಲ್ಲಿ ಕುಳಿತು ನೋಡುವ ಹೆತ್ತವರನ್ನೂ ಮನಸ್ಸಿನಲ್ಲಿಟ್ಟು ಈ ಲೇಖನವನ್ನು ಬರೆಯುತ್ತಿದ್ದೇವೆ. ಉದಾಹರಣೆಗೆಂದು ತರಗತಿ ಗ್ರಂಥಾಲಯದ ಪುಸ್ತಕಪಟ್ಟಿಯೊಂದನ್ನು ಇಟ್ಟುಕೊಳ್ಳೋಣ. ಕಲಿಕೆಯ ಹಂತದಲ್ಲಿ ಸಹಪಾಠಿಗಳ ನಿಜವಾದ ಹೆಸರು, ದೂರವಾಣಿ ಸಂಖ್ಯೆಗಳನ್ನು ಆ್ಯಪ್‌ಗೆ ತುಂಬಿಸದಿರುವುದೇ ಲೇಸು.

ಎರಡು ದಾರಿಗಳು

ಪಟ್ಟಿಯ ಸಾಲಿನ ಮೇಲೆ ಕ್ರಮ ಕೈಗೊಳ್ಳಲು ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಮೊದಲನೆಯದು ಸ್ವೈಪ್. ಸಾಲಿನ ಮೇಲೆ ಬೆರಳಿಟ್ಟು ಪಕ್ಕಕ್ಕೆ ಎಳೆದಾಗ ಅದರ ಮರೆಯಿಂದ ಒಂದೆರಡು ಬಟನ್‌ಗಳು ತೋರುತ್ತವೆ. ಎರಡನೆಯದು ಎಡಿಟ್ ಮೋಡ್, ಅಂದರೆ ತಿದ್ದುಪಡಿಯ ಸ್ಥಿತಿ. ಮೇಲ್ಭಾಗದ ಒಂದು ಬಟನ್ ಒತ್ತಿದಾಗ ಇಡೀ ಪಟ್ಟಿಯ ರೂಪವೇ ಬದಲಾಗುತ್ತದೆ: ಪ್ರತಿ ಸಾಲಿನ ಆರಂಭದಲ್ಲಿ ಅಳಿಸುವ ಕೆಂಪು ಗುರುತೋ ಆಯ್ಕೆಯ ವೃತ್ತವೋ ಕಾಣಿಸುತ್ತದೆ, ಕೊನೆಯಲ್ಲಿ ಸ್ಥಾನ ಬದಲಿಸಲು ಹಿಡಿಯುವ ಗೆರೆಗಳು ಮೂಡುತ್ತವೆ. ಕೆಲಸ ಮುಗಿದ ಮೇಲೆ ‘ಮುಗಿಯಿತು’ ಎಂಬುದನ್ನು ಒತ್ತಿ ಹೊರಬರಬೇಕು.

ಐಫೋನಿನ ಗಡಿಯಾರದ ಆ್ಯಪ್‌ನಲ್ಲಿ ಅಲಾರಾಂಗಳ ಪಟ್ಟಿಯನ್ನು ನೋಡಿದರೆ ಎರಡೂ ದಾರಿಗಳು ಒಂದೇ ಕಡೆ ಸಿಗುತ್ತವೆ. ಒಂದು ಅಲಾರಾಂ ಬೇಡವೆಂದಾದರೆ ಅದನ್ನು ಎಡಕ್ಕೆ ಎಳೆಯಬಹುದು. ಹಲವನ್ನು ತೆಗೆಯಬೇಕಾದಾಗ ಎಡಿಟ್ ಒತ್ತಬಹುದು. ಆಂಡ್ರಾಯ್ಡ್ ಫೋನಿನ ಜಿಮೇಲ್‌ನಲ್ಲಿ ಪತ್ರವನ್ನು ಪಕ್ಕಕ್ಕೆ ಎಳೆದರೆ, ನಾವು ಬೇರೆ ಏನನ್ನೂ ಹೊಂದಿಸದಿದ್ದಾಗ, ಅದು ಅಳಿಯದೆ ಸಂಗ್ರಹಕ್ಕೆ ಸೇರುತ್ತದೆ. ಪರದೆಯ ತಳದಲ್ಲಿ ಹಿಂದಕ್ಕೆ ತರುವ ಅವಕಾಶವೂ ಕೆಲವು ಕ್ಷಣ ನಿಲ್ಲುತ್ತದೆ. ವಾಟ್ಸ್ಆ್ಯಪ್‌ನ ಸಂಭಾಷಣೆಯೊಳಗೆ ಸಂದೇಶವೊಂದನ್ನು ಬಲಕ್ಕೆ ಎಳೆದರೆ ಅದು ಉತ್ತರ ಬರೆಯುವ ಸೂಚನೆ. ಒಂದೇ ಬೆರಳಿನ ಒಂದೇ ಚಲನೆಗೆ ಮೂರು ಆ್ಯಪ್‌ಗಳಲ್ಲಿ ಮೂರು ಅರ್ಥ. ಮನೆಯಲ್ಲಿ ಒಂದೇ ಫೋನನ್ನು ಅಜ್ಜಿ, ತಾಯಿ, ಮಗು ಮೂವರೂ ಬಳಸುವಾಗ ಒಬ್ಬರ ಅಭ್ಯಾಸ ಇನ್ನೊಬ್ಬರ ಪಟ್ಟಿಗೆ ಕುತ್ತಾಗುವುದು ಇದರಿಂದಲೇ.

ಸ್ವೈಪ್ ವೇಗದ ದಾರಿ, ಆದರೆ ಗುಪ್ತವಾದದ್ದು. ಹಾಗೊಂದು ಉಪಾಯವಿದೆಯೆಂದು ಪರದೆ ತಾನಾಗಿ ಹೇಳುವುದಿಲ್ಲ. ಎಡಿಟ್ ಮೋಡ್ ನಿಧಾನದ ದಾರಿ, ಆದರೆ ಕಣ್ಣಿಗೆ ಕಾಣುವಂಥದ್ದು. ತಾನೀಗ ತಿದ್ದುತ್ತಿದ್ದೇನೆ ಎಂಬ ಅರಿವು ಬಳಸುವವರಿಗೆ ಇರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈ ಲೇಖನದ ತಿರುಳು ಇಷ್ಟೇ: ಹಿಂದಕ್ಕೆ ತರಬಹುದಾದ ಸಣ್ಣ ಕ್ರಮಗಳಿಗೆ ಸ್ವೈಪ್ ಇರಲಿ, ಹಿಂದಕ್ಕೆ ಬಾರದ ದೊಡ್ಡ ಕ್ರಮಗಳು ಎಡಿಟ್ ಮೋಡ್‌ನ ಬಾಗಿಲು ದಾಟಿಯೇ ಬರಲಿ. ಸ್ವೈಪ್‌ನಿಂದ ಆಗುವ ಯಾವ ಕೆಲಸಕ್ಕೂ ಕಾಣುವ ಇನ್ನೊಂದು ದಾರಿ ಇರಲೇಬೇಕು.

ಒಳಗಿರುವುದು ಒಂದೇ ಸ್ವಿಚ್ಚು

ಹೊರಗೆ ಬೇರೆ ಬೇರೆಯಾಗಿ ಕಾಣುವ ಈ ಎರಡು ದಾರಿಗಳು ಐಫೋನಿನ ಒಳಗೆ ಒಂದೇ ಸ್ವಿಚ್ಚಿಗೆ ಜೋಡಣೆಯಾಗಿವೆ. ಹೊಸದಾಗಿ ಕಲಿಯುವವರು ಎಡವುವುದು ಇಲ್ಲಿಯೇ. ಐಫೋನಿನಲ್ಲಿ ಸಾಲುಗಳ ಪಟ್ಟಿಯನ್ನು ತೋರಿಸುವ ಹಳೆಯ, ಇಂದಿಗೂ ಬಳಕೆಯಲ್ಲಿರುವ ಘಟಕದ ಹೆಸರು ಯುಐಟೇಬಲ್‌ವ್ಯೂ. ಪಟ್ಟಿ ತಿದ್ದುಪಡಿಯ ಸ್ಥಿತಿಯಲ್ಲಿದೆಯೇ ಎಂಬುದನ್ನು ಅದು ‘ಹೌದು’ ಅಥವಾ ‘ಇಲ್ಲ’ ಎಂಬ ಒಂದು ಗುರುತಿನಲ್ಲಿ ಇಟ್ಟುಕೊಳ್ಳುತ್ತದೆ. ಎಡಿಟ್ ಬಟನ್ ಒತ್ತಿದಾಗ ಈ ಗುರುತು ‘ಹೌದು’ ಆಗುತ್ತದೆ. ಯಾರಾದರೂ ಒಂದು ಸಾಲನ್ನು ಸ್ವೈಪ್ ಮಾಡಿದಾಗಲೂ ಅದೇ ಗುರುತು ‘ಹೌದು’ ಆಗುತ್ತದೆ! ಆಗ ಕೆಂಪು ಗುರುತುಗಳಾಗಲಿ ಸ್ಥಾನ ಬದಲಿಸುವ ಗೆರೆಗಳಾಗಲಿ ಕಾಣುವುದಿಲ್ಲ. ಎಳೆದ ಆ ಒಂದು ಸಾಲಿನ ಬಟನ್‌ಗಳಷ್ಟೇ ತೋರುತ್ತವೆ. ಆದರೂ ಒಳಲೆಕ್ಕದಲ್ಲಿ ಪಟ್ಟಿಯು ತಿದ್ದುಪಡಿಯ ಸ್ಥಿತಿಯಲ್ಲಿದೆ.

ಇದರ ಪರಿಣಾಮವನ್ನು ನಮ್ಮ ಪುಸ್ತಕಪಟ್ಟಿಯಲ್ಲಿ ನೋಡೋಣ. ‘ತಿದ್ದುಪಡಿಯ ಗುರುತು ಹೌದು ಎಂದಿದ್ದರೆ ಹೊಸ ಪುಸ್ತಕ ಸೇರಿಸುವ ಬಟನ್ ಮರೆಯಾಗಲಿ’ ಎಂದು ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಾಳೆಂದು ಭಾವಿಸೋಣ. ಎಡಿಟ್ ಒತ್ತಿದಾಗ ಅವಳ ಎಣಿಕೆಯಂತೆಯೇ ನಡೆಯುತ್ತದೆ. ಆದರೆ ಯಾರೋ ಒಂದು ಸಾಲನ್ನು ಅರ್ಧ ಎಳೆದು ಬಿಟ್ಟಾಗಲೂ ಆ ಬಟನ್ ಮಾಯವಾಗಬಹುದು. ಬಳಸುವವರಿಗೆ ಕಾರಣ ತಿಳಿಯದು, ರಚಿಸಿದವಳಿಗೂ ತಿಳಿಯದು. ಇನ್ನೊಂದು ತೊಡಕೂ ಇದೆ. ಒಂದು ಸಾಲು ಸ್ವೈಪ್‌ನಿಂದ ತೆರೆದುಕೊಂಡಿರುವಾಗಲೇ ಎಡಿಟ್ ಒತ್ತಿದರೆ, ‘ಹೌದು ಇದ್ದುದನ್ನು ಇಲ್ಲ ಮಾಡು’ ಎಂಬ ಸರಳ ತರ್ಕವು ಆ ಸಾಲನ್ನು ಮುಚ್ಚಿ ಸುಮ್ಮನಾಗುತ್ತದೆ. ಎಡಿಟ್ ಕೆಲಸ ಮಾಡುತ್ತಿಲ್ಲವೆಂದು ಬಳಸುವವರು ಮತ್ತೊಮ್ಮೆ ಒತ್ತಬೇಕಾಗುತ್ತದೆ.

ಪರಿಹಾರ ಕಠಿಣವಲ್ಲ. ಆ್ಯಪ್ ತನ್ನದೇ ಆದ ಇನ್ನೊಂದು ಟಿಪ್ಪಣಿಯನ್ನು ಇಟ್ಟುಕೊಳ್ಳಬೇಕು: ಈಗ ನಡೆಯುತ್ತಿರುವುದು ಒಂದು ಸಾಲಿನ ಸ್ವೈಪೋ, ಇಡೀ ಪಟ್ಟಿಯ ತಿದ್ದುಪಡಿಯೋ? ಸಾಲೊಂದರ ಸ್ವೈಪ್ ಆರಂಭವಾದಾಗಲೂ ಮುಗಿದಾಗಲೂ ಪಟ್ಟಿಯು ಆ್ಯಪ್‌ಗೆ ಪ್ರತ್ಯೇಕ ಸೂಚನೆ ಕಳುಹಿಸುತ್ತದೆ. ಆರಂಭದ ಸೂಚನೆ ಬಂದಾಗ ‘ಸ್ವೈಪ್’ ಎಂದು ಬರೆದುಕೊಳ್ಳುವುದು, ಮುಗಿದ ಸೂಚನೆ ಬಂದಾಗ ಅದನ್ನು ಅಳಿಸಿಕೊಳ್ಳುವುದು, ಇಷ್ಟಾದರೆ ಸಾಕು. ಎಡಿಟ್ ಒತ್ತಿದಾಗ ತೆರೆದ ಸಾಲು ಇದ್ದರೆ ಮೊದಲು ಅದನ್ನು ಮುಚ್ಚಿ, ಬಳಿಕ ಇಡೀ ಪಟ್ಟಿಯನ್ನು ತಿದ್ದುಪಡಿಗೆ ತೆರೆಯಬೇಕು. ಅಳಿಸುವಿಕೆಯನ್ನು ಕಾರ್ಯಗತಗೊಳಿಸುವ ಭಾಗದೊಳಗೆ ನಿಂತೇ ತಿದ್ದುಪಡಿಯ ಸ್ಥಿತಿಯನ್ನು ಬದಲಿಸಬಾರದೆಂದು ಆ್ಯಪಲ್ ತನ್ನ ಕೈಪಿಡಿಯಲ್ಲಿ ಎಚ್ಚರಿಸಿದೆ. ಅನಿವಾರ್ಯವಾದರೆ ಆ ಕೆಲಸ ಮುಗಿದ ನಂತರ ಮಾಡಬೇಕು.

ಯಾವ ಸಾಲಿಗೆ ಯಾವ ಅನುಮತಿ?

ಎಲ್ಲ ಸಾಲುಗಳೂ ಅಳಿಸತಕ್ಕವಲ್ಲ. ಪಟ್ಟಿಯ ತಲೆಯಲ್ಲಿರುವ ‘ಒಟ್ಟು ಪುಸ್ತಕಗಳು’ ಎಂಬ ಸಾಲನ್ನು ತೆಗೆಯಲು ಬರಬಾರದು. ಓದಲು ಕೊಂಡೊಯ್ದಿರುವ ಪುಸ್ತಕವನ್ನೂ ಅದು ಮರಳಿ ಬರುವ ತನಕ ತೆಗೆಯಲು ಬಿಡಬಾರದು. ಇದಕ್ಕಾಗಿ ಯುಐಟೇಬಲ್‌ವ್ಯೂ ಪ್ರತಿ ಸಾಲಿನ ವಿಷಯದಲ್ಲೂ ಆ್ಯಪನ್ನು ಪ್ರಶ್ನಿಸುತ್ತದೆ: ಈ ಸಾಲನ್ನು ತಿದ್ದಬಹುದೇ? ತಿದ್ದಬಹುದಾದರೆ ಅಳಿಸುವುದೋ, ಹೊಸತನ್ನು ಸೇರಿಸುವುದೋ, ಏನೂ ಬೇಡವೋ? ಈ ಸಾಲನ್ನು ಸ್ಥಾನಪಲ್ಲಟ ಮಾಡಬಹುದೇ? ಉತ್ತರಗಳನ್ನು ಆಲೋಚಿಸಿ ಕೊಟ್ಟರೆ ಅರ್ಧ ಅನಾಹುತ ಅಲ್ಲಿಯೇ ತಪ್ಪುತ್ತದೆ.

ಅಳಿಸುವಿಕೆ ಎಡಿಟ್ ಮೋಡ್‌ನಲ್ಲಿ ಮಾತ್ರ ಆಗಬೇಕು, ಸ್ವೈಪ್‌ನಿಂದ ಆಗಬಾರದು ಎಂದಿದ್ದರೆ ಒಂದು ಸರಳ ಉಪಾಯವಿದೆ. ಯಾವ ಬಗೆಯ ತಿದ್ದುಪಡಿ ಎಂದು ಪಟ್ಟಿ ಕೇಳಿದಾಗ, ಎಡಿಟ್ ಮೋಡ್ ತೆರೆದಿದ್ದರೆ ‘ಅಳಿಸುವುದು’ ಎಂದೂ, ತೆರೆದಿರದಿದ್ದರೆ ‘ಏನೂ ಬೇಡ’ ಎಂದೂ ಉತ್ತರಿಸಬೇಕು.

2017ರಲ್ಲಿ ಬಂದ ಐಒಎಸ್ 11ರಿಂದ ಸಾಲಿನ ಎರಡೂ ಬದಿಗಳಿಗೆ ನಮಗೆ ಬೇಕಾದ ಬಟನ್‌ಗಳನ್ನು ಜೋಡಿಸುವ ವ್ಯವಸ್ಥೆಯಿದೆ. ಅದರಲ್ಲಿ ನೆನಪಿಡಬೇಕಾದ ಮೂರು ಸಂಗತಿಗಳನ್ನು ಹೇಳುತ್ತೇವೆ. ಒಂದು, ‘ಈ ಸಾಲಿಗೆ ಬಟನ್‌ಗಳು ಯಾವುವು’ ಎಂಬ ಪ್ರಶ್ನೆಗೆ ಏನನ್ನೂ ಕೊಡದಿದ್ದರೆ ಬಟನ್‌ಗಳೇ ಬೇಡವೆಂದು ಅರ್ಥವಾಗುವುದಿಲ್ಲ. ಪಟ್ಟಿಯು ತನ್ನ ವಾಡಿಕೆಯ ಬಟನನ್ನೇ ತೋರಿಸುತ್ತದೆ. ಬಟನ್ ಬೇಡವೆಂದಾದರೆ ಖಾಲಿ ಜೋಡಣೆಯೊಂದನ್ನು ಕೊಡಬೇಕು. ಎರಡು, ಸಾಲನ್ನು ಪರದೆಯುದ್ದಕ್ಕೂ ಎಳೆದುಬಿಟ್ಟರೆ ಮೊದಲ ಬಟನ್‌ನ ಕೆಲಸ ತಾನಾಗಿ ನಡೆದುಬಿಡುತ್ತದೆ. ನಾವು ನಿಲ್ಲಿಸದ ಹೊರತು ಈ ಪೂರ್ಣ ಸ್ವೈಪ್ ಜಾರಿಯಲ್ಲೇ ಇರುತ್ತದೆ. ಮೊದಲ ಬಟನ್ ‘ಅಳಿಸು’ ಆಗಿದ್ದರೆ ಪೂರ್ಣ ಸ್ವೈಪನ್ನು ನಿಲ್ಲಿಸುವುದು ಕ್ಷೇಮ. ಮೂರು, ಬಟನ್‌ನ ಕೆಲಸ ಮುಗಿದ ಮೇಲೆ ‘ಆಯಿತು’ ಅಥವಾ ‘ಆಗಲಿಲ್ಲ’ ಎಂದು ಪಟ್ಟಿಗೆ ತಿಳಿಸಲೇಬೇಕು. ಬಳಸುವವರು ‘ಬೇಡ’ ಎಂದು ಹಿಂದೆ ಸರಿದಾಗಲೂ ತಿಳಿಸಬೇಕು. ಇಲ್ಲವಾದರೆ ಸಾಲು ತೆರೆದ ಬಾಗಿಲಿನಂತೆ ಅರ್ಧದಲ್ಲೇ ನಿಂತುಬಿಡಬಹುದು.

ಮೊದಲು ಒಳಪಟ್ಟಿ, ಆಮೇಲೆ ಪರದೆ

ಪರದೆಯ ಮೇಲೆ ನಾವು ಕಾಣುವ ಪಟ್ಟಿ ಬರಿಯ ಪ್ರತಿಬಿಂಬ. ನಿಜವಾದ ಪಟ್ಟಿ ಆ್ಯಪ್‌ನ ನೆನಪಿನಲ್ಲಿರುತ್ತದೆ. ಅದನ್ನು ಒಳಪಟ್ಟಿ ಎಂದು ಕರೆಯೋಣ. ಒಳಪಟ್ಟಿಯಿಂದ ಪುಸ್ತಕವನ್ನು ತೆಗೆಯದೆ ಪರದೆಯಿಂದ ಮಾತ್ರ ಸಾಲನ್ನು ತೆಗೆಯಲು ಹೊರಟರೆ ಏನಾಗುತ್ತದೆ? ಪಟ್ಟಿಯು ಕೂಡಲೆ ಎಣಿಸುತ್ತದೆ: ಮೊದಲು 30 ಸಾಲುಗಳಿದ್ದವು, ಒಂದನ್ನು ತೆಗೆಯಿರಿ ಎಂದಿರಿ, ಈಗ 29 ಇರಬೇಕು. ಆದರೆ ಒಳಪಟ್ಟಿ ಇನ್ನೂ 30 ಎನ್ನುತ್ತಿದೆ! ಲೆಕ್ಕ ತಾಳೆಯಾಗದ್ದರಿಂದ ಐಫೋನಿನಲ್ಲಿ ಆ್ಯಪ್ ಅಲ್ಲಿಯೇ ಕುಸಿದು ಮುಚ್ಚಿಕೊಳ್ಳುತ್ತದೆ. ಹಾಜರಿ ಪುಸ್ತಕದ ಸಂಖ್ಯೆಗೂ ಬೆಂಚಿನ ಮೇಲಿನ ಮಕ್ಕಳ ಸಂಖ್ಯೆಗೂ ಹೊಂದಿಕೆಯಾಗದಿದ್ದರೆ ಪರಿಶೀಲನೆಗೆ ಬಂದ ಅಧಿಕಾರಿ ಮುಂದೆ ಹೋಗದಿರುವಂತೆಯೇ ಇದು. ನಿಯಮ ಒಂದೇ: ಮೊದಲು ಒಳಪಟ್ಟಿಯನ್ನು ಬದಲಿಸಿ, ಆ ಬಳಿಕ ಪರದೆಗೆ ತಿಳಿಸಿ.

ಎಡಿಟ್ ಮೋಡ್‌ನಲ್ಲಿ ಹಲವು ಸಾಲುಗಳನ್ನು ಒಟ್ಟಿಗೆ ಆರಿಸಿ ಅಳಿಸುವಾಗ ಇನ್ನೂ ಒಂದು ಎಚ್ಚರ ಬೇಕು. ಐದು ಪುಸ್ತಕಗಳಲ್ಲಿ ಎರಡನೆಯದನ್ನೂ ನಾಲ್ಕನೆಯದನ್ನೂ ತೆಗೆಯಬೇಕಾಗಿದೆ ಎನ್ನೋಣ. ಮೊದಲು ಎರಡನೆಯದನ್ನು ತೆಗೆದ ಕೂಡಲೆ ಹಿಂದಿನ ನಾಲ್ಕನೆಯದು ಮೂರನೆಯದಾಗುತ್ತದೆ, ಐದನೆಯದು ನಾಲ್ಕನೆಯದಾಗುತ್ತದೆ. ಈಗ ‘ನಾಲ್ಕನೆಯದನ್ನು ತೆಗೆ’ ಎಂದರೆ ಹೋಗುವುದು ನಾವು ಆರಿಸದೆ ಇದ್ದ ಐದನೆಯ ಪುಸ್ತಕ. ಆ್ಯಪ್ ಕುಸಿಯುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ, ತಪ್ಪು ಸಾಲು ಸದ್ದಿಲ್ಲದೆ ಹೋಗಿರುತ್ತದೆ. ಕುಸಿಯುವ ಆ್ಯಪ್‌ಗಿಂತ ಇದು ಹೆಚ್ಚು ಅಪಾಯಕಾರಿ. ಒಳಪಟ್ಟಿಯಿಂದ ತೆಗೆಯುವಾಗ ಕೆಳಗಿನಿಂದ ಮೇಲಕ್ಕೆ ಬಂದರೆ ಈ ತಪ್ಪು ಆಗದು. ನಾಲ್ಕನೆಯದು ಮೊದಲು, ಎರಡನೆಯದು ಆಮೇಲೆ. ಪರದೆಗೆ ಮಾತ್ರ ಎರಡೂ ಸ್ಥಾನಗಳನ್ನು ಒಂದೇ ಸಲ ತಿಳಿಸಬಹುದು. ಅದು ಹಳೆಯ ಸ್ಥಾನಗಳನ್ನೇ ಆಧಾರವಾಗಿ ಹಿಡಿಯುತ್ತದೆ.

ಹುಡುಕಾಟದ ಪೆಟ್ಟಿಗೆ ಇರುವ ಪಟ್ಟಿಯಲ್ಲಿ ಇದೇ ಬಗೆಯ ಇನ್ನೊಂದು ಹೊಂಡವಿದೆ. ‘ಕಥೆ’ ಎಂದು ಹುಡುಕಿದಾಗ ಮೂರು ಪುಸ್ತಕಗಳು ಮಾತ್ರ ಕಾಣುತ್ತವೆ. ಅವುಗಳಲ್ಲಿ ಮೊದಲನೆಯದನ್ನು ಅಳಿಸಿದರೆ, ಇಡೀ ಪಟ್ಟಿಯ ಮೊದಲನೆಯದು ಅಳಿಯಬಾರದಲ್ಲವೇ? ಆದ್ದರಿಂದ ಸಾಲನ್ನು ಅದರ ಸ್ಥಾನದಿಂದ ಗುರುತಿಸುವ ಬದಲು, ಪುಸ್ತಕಕ್ಕೆ ಗ್ರಂಥಾಲಯ ಕೊಟ್ಟ ದಾಖಲೆ ಸಂಖ್ಯೆಯಂಥ ಬದಲಾಗದ ಗುರುತಿನಿಂದ ಹಿಡಿಯಬೇಕು. ಇಬ್ಬರು ಮಕ್ಕಳಿಗೆ ಒಂದೇ ಹೆಸರಿದ್ದಾಗ ಅಧ್ಯಾಪಕರು ದಾಖಲಾತಿ ಸಂಖ್ಯೆಯನ್ನು ನೋಡುವುದು ಇದೇ ಕಾರಣಕ್ಕೆ.

ಸ್ಥಾನ ಬದಲಿಸುವಾಗಲೂ ಒಳಪಟ್ಟಿಯ ನಿಯಮವೇ. ಸಾಲನ್ನು ಹಿಡಿದೆಳೆದು ಮೇಲಿಟ್ಟಾಗ ಪರದೆ ಅದನ್ನು ತೋರಿಸುತ್ತದೆ. ಒಳಪಟ್ಟಿಯಲ್ಲೂ ಅದನ್ನು ಸರಿಸದಿದ್ದರೆ, ಪಟ್ಟಿಯನ್ನು ಮತ್ತೆ ಓದಿಸಿದಾಗ ಪುಸ್ತಕ ಹಳೆಯ ಜಾಗಕ್ಕೇ ಮರಳಿರುತ್ತದೆ.

ಆಂಡ್ರಾಯ್ಡ್‌ನ ರೀತಿ ಬೇರೆ

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಆಂಡ್ರಾಯ್ಡ್ ಫೋನುಗಳಲ್ಲಿ ಪಟ್ಟಿಗಳಿಗೆ ರಿಸೈಕ್ಲರ್‌ವ್ಯೂ ಎಂಬ ಘಟಕ ಬಳಕೆಯಲ್ಲಿದೆ. 2014ರಲ್ಲಿ ಬಂದ ಈ ಘಟಕದಲ್ಲಿ ಐಫೋನಿನಂತೆ ಸಿದ್ಧವಾದ ಎಡಿಟ್ ಮೋಡ್ ಇಲ್ಲ. ಸ್ವೈಪ್ ಮತ್ತು ಸ್ಥಾನಪಲ್ಲಟಕ್ಕಾಗಿ ಐಟಂಟಚ್‌ಹೆಲ್ಪರ್ ಎಂಬ ಸಹಾಯಕ ಘಟಕವನ್ನು ಜೋಡಿಸಬೇಕು. ಎಡಿಟ್ ಮೋಡನ್ನು ರಚಿಸುವವರೇ ಕಟ್ಟಬೇಕು. ಸಾಲನ್ನು ಸ್ವಲ್ಪ ಹೊತ್ತು ಒತ್ತಿಹಿಡಿದಾಗ ಆಯ್ಕೆ ಆರಂಭವಾಗುವುದು, ಮೇಲ್ಭಾಗದಲ್ಲಿ ಎಷ್ಟು ಸಾಲುಗಳು ಆಯ್ಕೆಯಾಗಿವೆ ಎಂಬ ಲೆಕ್ಕ ಬರುವುದು, ಫೋನಿನ ‘ಹಿಂದಕ್ಕೆ’ ಒತ್ತಿದಾಗ ಆ್ಯಪ್ ಮುಚ್ಚದೆ ಆಯ್ಕೆ ಮಾತ್ರ ರದ್ದಾಗುವುದು, ಇವು ಅಲ್ಲಿ ರೂಢಿಯಾದ ನಡವಳಿಕೆಗಳು.

ಐಟಂಟಚ್‌ಹೆಲ್ಪರ್ ನಮಗೆ ಸೂಚನೆ ಕೊಡುವುದು ಸಾಲು ಪರದೆಯಿಂದ ಸರಿದುಹೋದ ಮೇಲೆ. ಆಗ ಎರಡರಲ್ಲೊಂದನ್ನು ಮಾಡಲೇಬೇಕು: ಒಳಪಟ್ಟಿಯಿಂದ ಅದನ್ನು ತೆಗೆದು ಪರದೆಗೆ ತಿಳಿಸಬೇಕು, ಇಲ್ಲವೇ ಸಾಲನ್ನು ಮತ್ತೆ ಬರೆದು ತೋರಿಸಲು ಹೇಳಬೇಕು. ಎರಡನ್ನೂ ಮಾಡದಿದ್ದರೆ ಹಲ್ಲು ಬಿದ್ದ ಜಾಗದಂತೆ ಪಟ್ಟಿಯ ನಡುವೆ ಖಾಲಿ ತೆರವು ಉಳಿಯುತ್ತದೆ. ‘ಅಳಿಸಲೇ’ ಎಂದು ಕೇಳಿದಾಗ ‘ಬೇಡ’ ಎಂಬ ಉತ್ತರ ಬಂದರೆ ಸಾಲನ್ನು ಮರಳಿ ತೋರಿಸಲು ಮರೆಯುವುದು ಆರಂಭಿಕರ ಸಾಮಾನ್ಯ ತಪ್ಪು.

ದಿಕ್ಕಿನ ವಿಷಯದಲ್ಲೂ ಒಂದು ಮಾತು. ಎಡ, ಬಲ ಎನ್ನುವ ಬದಲು ಸಾಲಿನ ‘ಆರಂಭ’, ‘ಅಂತ್ಯ’ ಎಂದು ಬರೆಯುವ ಅನುಕೂಲ ಎರಡೂ ವ್ಯವಸ್ಥೆಗಳಲ್ಲಿದೆ. ಉರ್ದು ಬಲದಿಂದ ಎಡಕ್ಕೆ ಓದುವ ಭಾಷೆ. ಸೊಲ್ಲಾಪುರ, ಆದೋನಿಯಂಥ ಊರುಗಳಲ್ಲಿ ಕನ್ನಡ ಬಲ್ಲ ಮನೆಯ ಪಕ್ಕದಲ್ಲೇ ಉರ್ದು ಓದುವ ಮನೆಯಿರುತ್ತದೆ. ಆರಂಭ, ಅಂತ್ಯ ಎಂದು ಬರೆದ ಆ್ಯಪ್ ಇಬ್ಬರ ಕೈಯಲ್ಲೂ ಸರಿಯಾಗಿ ನಡೆಯುತ್ತದೆ.

ಶಾಲೆಯಲ್ಲಿ ಮಾಡಿ ನೋಡಬಹುದಾದ ಪಾಠ

ಮೇಲೆ ಹೇಳಿದ ಘಟಕಗಳನ್ನು ಬಳಸಲು ಸ್ವಿಫ್ಟ್, ಕೋಟ್ಲಿನ್‌ನಂಥ ಭಾಷೆಗಳು ಬೇಕು. ಆದರೆ ವಿಚಾರವನ್ನು ಎಂಐಟಿ ಆ್ಯಪ್ ಇನ್ವೆಂಟರ್‌ನಲ್ಲಿಯೇ ಕಲಿಯಬಹುದು. ಅಲ್ಲಿ ಲಿಸ್ಟ್‌ವ್ಯೂ ಎಂಬ ಪಟ್ಟಿಯ ಘಟಕವಿದೆ, ಪ್ರಶ್ನೆ ಕೇಳಲು ನೋಟಿಫೈಯರ್ ಇದೆ, ಫೋನಿನಲ್ಲಿ ಉಳಿಸಲು ಟೈನಿಡಿಬಿ ಇದೆ. ‘ತಿದ್ದುಪಡಿ’ ಎಂಬ ಹೆಸರಿನ ಒಂದು ಚರಾಂಶವನ್ನು ಮಾಡಿ ಅದರ ಆರಂಭದ ಬೆಲೆಯನ್ನು ‘ಅಲ್ಲ’ ಎಂದಿಡಿ. ಒಂದು ಬಟನ್ ಒತ್ತಿದಾಗ ಅದು ‘ಹೌದು’ ಆಗಲಿ, ಬಟನ್‌ನ ಮೇಲಿನ ಬರಹವೂ ‘ತಿದ್ದು’ ಇದ್ದುದು ‘ಮುಗಿಯಿತು’ ಎಂದಾಗಲಿ, ಪರದೆಯ ಹಿನ್ನೆಲೆಯ ಬಣ್ಣವೂ ತುಸು ಬದಲಾಗಲಿ.

ಇನ್ನು ಪಟ್ಟಿಯ ಸಾಲನ್ನು ಮುಟ್ಟಿದಾಗ ತಿದ್ದುಪಡಿ ‘ಅಲ್ಲ’ ಎಂದಿದ್ದರೆ ಪುಸ್ತಕದ ವಿವರ ತೋರಲಿ. ‘ಹೌದು’ ಎಂದಿದ್ದರೆ ಆ ಸಾಲಿನ ಸ್ಥಾನವನ್ನೂ ಪುಸ್ತಕದ ಹೆಸರನ್ನೂ ಎರಡು ಚರಾಂಶಗಳಲ್ಲಿ ಬರೆದುಕೊಂಡು, ನೋಟಿಫೈಯರ್ ಮೂಲಕ ಪುಸ್ತಕದ ಹೆಸರು ಹೇಳಿಯೇ ‘ಇದನ್ನು ಪಟ್ಟಿಯಿಂದ ತೆಗೆಯಬೇಕೇ’ ಎಂದು ಕೇಳಲಿ. ‘ತೆಗೆ’ ಎಂಬ ಉತ್ತರ ಬಂದರೆ ಒಳಪಟ್ಟಿಯಿಂದ ತೆಗೆದು, ಲಿಸ್ಟ್‌ವ್ಯೂಗೆ ಹೊಸ ಪಟ್ಟಿಯನ್ನು ಕೊಟ್ಟು, ಟೈನಿಡಿಬಿಯಲ್ಲಿ ಉಳಿಸಲಿ. ‘ಹಿಂದಕ್ಕೆ ತಾ’ ಎಂಬ ಬಟನ್ ಒತ್ತಿದರೆ ಬರೆದಿಟ್ಟುಕೊಂಡ ಹೆಸರು ಬರೆದಿಟ್ಟುಕೊಂಡ ಸ್ಥಾನಕ್ಕೇ ಸೇರಲಿ. ಆ್ಯಪ್ ಇನ್ವೆಂಟರ್‌ನಲ್ಲಿ ಪಟ್ಟಿಯ ಎಣಿಕೆ 1ರಿಂದ ಆರಂಭ. ಸ್ವಿಫ್ಟ್, ಕೋಟ್ಲಿನ್‌ಗಳಲ್ಲಿ 0ಯಿಂದ. ಮುಂದೆ ಆ ಭಾಷೆಗಳಿಗೆ ಹೋಗುವ ಮಕ್ಕಳು ಇದನ್ನು ಮರೆಯಬಾರದು.

ಬಟನ್‌ನ ಮೇಲೆ ಕನ್ನಡ

ಆಂಡ್ರಾಯ್ಡ್‌ಗೆ 2014ರ 5.0 ಆವೃತ್ತಿಯಲ್ಲಿ ಕನ್ನಡ ಬಂದಿತು. ಐಫೋನಿಗೆ ಇಡೀ ವ್ಯವಸ್ಥೆಯ ಭಾಷೆಯಾಗಿ ಕನ್ನಡ ದೊರೆತದ್ದು 2025ರಲ್ಲಿ. ಆದರೆ ಗಡಿನಾಡಿನ ಮನೆಗಳಲ್ಲಿ ಫೋನಿನ ಭಾಷೆ ಇಂಗ್ಲಿಷೋ ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ ಆಗಿರುವುದುಂಟು. ಆ್ಯಪ್ ತನ್ನ ಬಟನ್‌ಗಳ ಹೆಸರನ್ನು ತಾನೇ ಬರೆಯದೆ ವ್ಯವಸ್ಥೆಯ ಮೇಲೆ ಬಿಟ್ಟರೆ, ಕನ್ನಡ ಪಟ್ಟಿಯ ನಡುವೆ ಅತಿ ಮುಖ್ಯವಾದ ಬಟನ್ ಒಂದೇ ಬೇರೆ ಭಾಷೆಯಲ್ಲಿ ನಿಲ್ಲಬಹುದು. ಎಲ್ಲಕ್ಕಿಂತ ಅಪಾಯದ ಬಟನನ್ನೇ ಓದಲು ಬಾರದ ಸ್ಥಿತಿ ಅದು. ಬಟನ್‌ಗಳಿಗೆ ಕನ್ನಡ ಹೆಸರನ್ನು ಸ್ಪಷ್ಟವಾಗಿ ಬರೆಯುವುದು ಭಾಷಾಭಿಮಾನದ ಮಾತಷ್ಟೇ ಆಗಿರದೆ ಸುರಕ್ಷತೆಯ ಮಾತೂ ಆಗಿದೆ.

ಪದಗಳ ಆಯ್ಕೆಯಲ್ಲೂ ವಿವೇಕ ಬೇಕು. ‘ಅಳಿಸು’ ಎಂದರೆ ಇನ್ನು ಸಿಗದು. ‘ಪಟ್ಟಿಯಿಂದ ತೆಗೆ’ ಎಂದರೆ ಪುಸ್ತಕ ಬೇರೆಲ್ಲೋ ಇದೆ. ‘ಬದಿಗಿಡು’ ಎಂದರೆ ಬೇಕಾದಾಗ ಮರಳಿ ತರಬಹುದು. ಮೂರಕ್ಕೂ ಒಂದೇ ಪದ ಬಳಸಿದರೆ ಬಳಸುವವರು ಮೋಸಹೋಗುತ್ತಾರೆ. ಬಟನ್‌ನ ಅಗಲ ಕಡಿಮೆಯಿರುವುದರಿಂದ ಚಿಕ್ಕ ಪದವನ್ನೇ ಆರಿಸಬೇಕು. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಗಳ ಅಳತೆಗೆ ಬಿಗಿದರೆ ‘ರಾಷ್ಟ್ರ’, ‘ಸ್ತ್ರೀ’ ಮುಂತಾದ ಪದಗಳ ಒತ್ತಕ್ಷರಗಳು ಕೆಳಗೆ ಕತ್ತರಿಸಿಹೋಗುತ್ತವೆ. ಬರಹಕ್ಕೆ ತಕ್ಕಂತೆ ಎತ್ತರ ಬೆಳೆಯುವ ಹಾಗೆ ಬಿಡಬೇಕು. ಕೆಂಪು ಬಣ್ಣವೊಂದನ್ನೇ ನಂಬಬಾರದು, ಬಣ್ಣಗಳ ಭೇದ ಕಾಣದವರೂ ನಮ್ಮ ನಡುವೆ ಇದ್ದಾರೆ. ಬಣ್ಣದೊಡನೆ ಪದವೂ ಚಿತ್ರವೂ ಇರಲಿ.

ದೃಷ್ಟಿ ಇಲ್ಲದವರು ಫೋನಿನ ಓದುವ ಧ್ವನಿಯನ್ನು ಅವಲಂಬಿಸುತ್ತಾರೆ. ಐಫೋನಿನ ಪಟ್ಟಿಯಲ್ಲಿ ಸ್ವೈಪ್‌ನ ಬಟನ್‌ಗಳು ವಾಯ್ಸ್‌ಓವರ್‌ಗೆ ತಾವಾಗಿ ದೊರೆಯುತ್ತವೆ. ಆಂಡ್ರಾಯ್ಡ್‌ನ ಐಟಂಟಚ್‌ಹೆಲ್ಪರ್‌ನಲ್ಲಿ ಹಾಗಲ್ಲ. ಟಾಕ್‌ಬ್ಯಾಕ್‌ಗಾಗಿ ಅದೇ ಕ್ರಮವನ್ನು ಬೇರೆಯಾಗಿ ಸೇರಿಸಬೇಕು. ಕಾಣುವ ಎಡಿಟ್ ಬಟನ್ ಒಂದಿದ್ದರೆ ಇವರಿಗೂ, ಬೆರಳು ನಡುಗುವ ಹಿರಿಯರಿಗೂ ಅದೇ ಆಸರೆ.

ಹಿಂದಕ್ಕೆ ತರುವ ದಾರಿ

‘ಖಂಡಿತವಾಗಿಯೂ ಅಳಿಸಬೇಕೇ’ ಎಂದು ಪ್ರತಿ ಸಲವೂ ಕೇಳಿದರೆ ಜನ ಓದದೆಯೇ ‘ಹೌದು’ ಒತ್ತಲು ರೂಢಿಯಾಗುತ್ತಾರೆ. ಸ್ವೈಪ್‌ಗೆ ಅದಕ್ಕಿಂತ ಒಳ್ಳೆಯ ರಕ್ಷಣೆಯೆಂದರೆ ಹಿಂದಕ್ಕೆ ತರುವ ಅವಕಾಶ. ಸಾಲು ಪರದೆಯಿಂದ ಹೋಗಲಿ; ಆದರೆ ಉಳಿಸಿಟ್ಟ ದಾಖಲೆಯಿಂದ ಕೂಡಲೆ ಹೋಗದಿರಲಿ. ತಳದಲ್ಲಿ ‘ತೆಗೆಯಲಾಗಿದೆ, ಹಿಂದಕ್ಕೆ ತಾ’ ಎಂಬ ಪಟ್ಟಿ ಕೆಲವು ಕ್ಷಣ ನಿಲ್ಲಲಿ. ನಿಧಾನವಾಗಿ ಓದುವವರಿಗಾಗಿ ಆ ಅವಧಿ ತುಸು ದೀರ್ಘವಾಗಿಯೇ ಇರಲಿ. ಅವಧಿ ಮುಗಿದ ಮೇಲೆ ದಾಖಲೆಯಿಂದ ತೆಗೆದರಾಯಿತು. ಮಕ್ಕಳ ಹೆಸರು, ಅಂಕ, ಹಣದ ಲೆಕ್ಕಗಳಂಥ ಪಟ್ಟಿಗಳಲ್ಲಿ ಅಳಿಸುವುದೇ ಬೇಡ. ಸಾಲಿನ ಮೇಲೆ ‘ತೆಗೆಯಲಾಗಿದೆ’ ಎಂಬ ಗುರುತನ್ನೂ ದಿನಾಂಕವನ್ನೂ ಹಾಕಿ ಪರದೆಯಿಂದ ಮರೆಮಾಡಿದರೆ ಸಾಕು. ದಾಖಲಾತಿ ಪುಸ್ತಕದ ಹಳೆಯ ಪದ್ಧತಿ ಇದೇ ತಾನೆ?

ಮಗು ತಾನು ಕಟ್ಟಿದ ಆ್ಯಪ್ ತಂದು ತೋರಿಸಿದಾಗ ಹೆತ್ತವರು ಮಾಡಬಹುದಾದ ನಾಲ್ಕು ಪರೀಕ್ಷೆಗಳನ್ನು ಇಲ್ಲಿ ಕೊಡುತ್ತಿದ್ದೇವೆ. ಇದಕ್ಕೆ ಕಂಪ್ಯೂಟರ್ ಜ್ಞಾನ ಬೇಕಿಲ್ಲ.

ಸಾಲೊಂದನ್ನು ಅರ್ಧ ಎಳೆದು ಹಾಗೆಯೇ ಬಿಟ್ಟು ತಿದ್ದುವ ಬಟನ್ ಒತ್ತಿ ನೋಡಿ. ಒಂದೇ ಒತ್ತಿಗೆ ತೆರೆಯಬೇಕು.

ಪಟ್ಟಿಯ ನಡುವಿನ ಎರಡು ಸಾಲುಗಳನ್ನು ಆರಿಸಿ ಅಳಿಸಿ. ಆರಿಸಿದವೇ ಹೋಗಿವೆಯೇ ಎಂದು ಕಾಗದದಲ್ಲಿ ಬರೆದಿಟ್ಟುಕೊಂಡ ಪಟ್ಟಿಯೊಡನೆ ತಾಳೆ ನೋಡಿ.

ಅಳಿಸಿದ ಸಾಲನ್ನು ಹಿಂದಕ್ಕೆ ತಂದು ಅದು ಹಳೆಯ ಜಾಗದಲ್ಲೇ ಕುಳಿತಿದೆಯೇ ಗಮನಿಸಿ. ಆ್ಯಪನ್ನು ಮುಚ್ಚಿ ತೆರೆದ ಮೇಲೂ ಅಲ್ಲಿರಬೇಕು.

ಕೊನೆಯದಾಗಿ, ಆ್ಯಪನ್ನು ಎಂದೂ ನೋಡಿರದ ಮನೆಯ ಹಿರಿಯರ ಕೈಗೆ ಕೊಟ್ಟು, ಏನನ್ನೂ ಹೇಳದೆ, ಒಂದು ಪುಸ್ತಕವನ್ನು ತೆಗೆಯಲು ಕೇಳಿ. ಅವರು ದಾರಿ ಕಾಣದೆ ನಿಂತರೆ ತಪ್ಪು ಅವರದಲ್ಲ. ತಿದ್ದುವ ಬಟನನ್ನು ಕಾಣುವಂತೆ ಇಡದ ಆ್ಯಪ್‌ನದು.

ಈ ನಾಲ್ಕರಲ್ಲೂ ಗೆದ್ದ ಪುಟ್ಟ ಪುಸ್ತಕಪಟ್ಟಿಯೊಂದು ನಿಮ್ಮ ಶಾಲೆಯಲ್ಲಿ ಸಿದ್ಧವಾದರೆ, ಮುಂದೆ ಮಕ್ಕಳ ಹೆಸರಿನ ಪಟ್ಟಿಯನ್ನೂ ಅಂಥ ಕೈಗಳಿಗೆ ನಂಬಿ ಒಪ್ಪಿಸಬಹುದು.